ಮುಂಬಯಿಯ ನಕ್ಷೆಯಲ್ಲಿಲ್ಲದ ಕೋಣೆಗಳು

ಮುಂಬಯಿಯನ್ನು ಬಲ್ಲೆವೆಂದು ಹೇಳಿಕೊಳ್ಳುವುದರಲ್ಲಿ ನಾವು ಕನ್ನಡಿಗರು ಯಾರಿಗೂ ಹಿಂದೆ ಬಿದ್ದವರಲ್ಲ. ಮಾಟುಂಗಾದಲ್ಲಿ ಬಾಳೆಲೆಯೂ ಮಲ್ಲಿಗೆಯೂ ಎಲ್ಲಿ ಸಿಕ್ಕುತ್ತವೆ, ಕೋಟೆಯ ಯಾವ ಗಲ್ಲಿಯ ಹೊಟೇಲಿನಲ್ಲಿ ಇಂದಿಗೂ ಸಾರು ನಮ್ಮೂರ ಸಾರಿನಂತೆಯೇ ಇರುತ್ತದೆ, ಊರಿನ ಬಸ್ಸು ಯಾವ ನಾಕೆಯಲ್ಲಿ ಎಷ್ಟು ಗಂಟೆಗೆ ನಿಲ್ಲುತ್ತದೆ ಎಂಬುದನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಿಯೇವು. ಹೊಸಬನಿಗೆ ಖೋಲಿ ಹುಡುಕಿಕೊಡುವುದು, ಮಗುವಿಗೆ ಶಾಲೆ ಹುಡುಕಿಕೊಡುವುದು, ಮದುವೆಗೆ ಸಭಾಗೃಹ ಹುಡುಕಿಕೊಡುವುದು, ಇವೆಲ್ಲ ನಮಗೆ ಕರಗತವಾದ ವಿದ್ಯೆ. ಆದರೆ ಕುಡಿತ ಬಿಡಬೇಕೆಂದು ಒದ್ದಾಡುವವನೊಬ್ಬ ಮನೆಯಲ್ಲಿದ್ದರೆ ಅವನನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಯಾರನ್ನಾದರೂ ಕೇಳಿ ನೋಡಿ. ಮಾತು ಅಲ್ಲಿಗೇ ನಿಂತುಬಿಡುತ್ತದೆ. ಒಬ್ಬರು ಊರ ದೇವರಿಗೆ ಹರಕೆ ಹೇಳಿಕೊಳ್ಳಿ ಎಂದಾರು, ಇನ್ನೊಬ್ಬರು ಊರಿಗೇ ಕಳುಹಿಸಿಬಿಡಿ ಎಂದಾರು.

ಕುಡಿಯುವ ಜಾಗಗಳನ್ನಾದರೋ ಯಾರೂ ತೋರಿಸಿಕೊಡಬೇಕಾಗಿಲ್ಲ. ಮುಂಬಯಿಯಲ್ಲಿ 1949ರ ಪಾನನಿರೋಧ ಕಾಯಿದೆ ಇನ್ನೂ ರದ್ದಾಗಿಲ್ಲ. ಕುಡಿಯುವವನಿಗೆ ಪರವಾನಗಿ ಬೇಕೆಂಬುದು ಕಾಗದದ ಮೇಲೆ ಇಂದಿಗೂ ಉಂಟು. ಆ ಪರವಾನಗಿಯ ಹೆಸರನ್ನೇ ಹಣೆಗೆ ಕಟ್ಟಿಕೊಂಡು 'ಪರ್ಮಿಟ್ ರೂಮ್' ಎಂಬ ಕೆಂಪು ದೀಪದ ಬೋರ್ಡುಗಳು ಪ್ರತಿಯೊಂದು ನಿಲ್ದಾಣದ ಹೊರಗೂ ಬೆಳಗುತ್ತವೆ. ಅವುಗಳಲ್ಲಿ ಎಷ್ಟೋ ಗಲ್ಲಾಗಳ ಹಿಂದೆ ನಮ್ಮ ಕರಾವಳಿಯವರೇ ಕುಳಿತಿದ್ದಾರೆ. ದುಡಿದು ತಿನ್ನುವವರನ್ನು ಹಳಿಯುವ ಉದ್ದೇಶ ನನಗಿಲ್ಲ. ನಮ್ಮ ಸಮ್ಮೇಳನಗಳ ಚಪ್ಪರಕ್ಕೂ ಆ ದುಡ್ಡು ಬಂದದ್ದುಂಟು. ಇದ್ದ ಸಂಗತಿ ಹೇಳಿದೆನಷ್ಟೆ.

ನಾನು ಈಗ ಹೇಳಹೊರಟಿರುವುದು ಆ ಬೋರ್ಡುಗಳ ಎದುರುಬದಿಯಲ್ಲಿರುವ, ಬೋರ್ಡೇ ಇಲ್ಲದ ಕೆಲವು ಕೋಣೆಗಳ ವಿಷಯ. 2018ರ ಮಳೆಗಾಲದಲ್ಲಿ ನನ್ನ ಭಾವ, ಎಂದರೆ ಅಕ್ಕನ ಯಜಮಾನರು, ನಾನು ಕೂಡಿ ಅಂಥದೊಂದು ಕೋಣೆಯನ್ನು ಹುಡುಕಿಕೊಂಡು ಡೊಂಬಿವಿಲಿಯಿಂದ ಬಾಂದ್ರಾಕ್ಕೆ ಹೋದೆವು. ಹೆಸರು ಹೇಳದೆ ಬರೆಯುವುದಾದರೆ ಬರೆ ಎಂದು ಭಾವನವರು ಒಪ್ಪಿದ್ದಾರೆ. ಅಲ್ಲಿ ಬೇರೆಯವರು ಆಡಿದ ಮಾತುಗಳನ್ನು ಮಾತ್ರ ವಾಚಕರು ನನ್ನಿಂದ ನಿರೀಕ್ಷಿಸಬಾರದು. ಆ ಕೋಣೆಯ ಮೊದಲ ಮರ್ಯಾದೆಯೇ ಅದು.

ಭಾವನವರು ಇಪ್ಪತ್ತಾರು ವರ್ಷ ಹೊಟೇಲಿನ ಗಲ್ಲಾ ನೋಡಿದವರು. ಒಂದು ಪೈಸೆಯ ಲೆಕ್ಕ ತಪ್ಪಿದವರಲ್ಲ. ಕೊನೆಕೊನೆಗೆ ಬೆಳಗಿನ ಹೊತ್ತು ಕೈ ನಡುಗಿ ನಾಣ್ಯ ಎಣಿಸಲು ಆಗದಂತಾಯಿತು. ಎರಡು ಗುಟುಕು ಒಳಗೆ ಹೋದ ಮೇಲೆ ಕೈ ನಿಲ್ಲುತ್ತಿತ್ತು. ಅಕ್ಕ ಧಣಿಗಳಿಗೆ ಟೆಲಿಫೋನು ಮಾಡಿ "ಇವರಿಗೆ ಜ್ವರ" ಎನ್ನುವಳು. ಒಂದು ವರ್ಷದಲ್ಲಿ ಅವರಿಗೆ ಎಷ್ಟು ಸಲ ಜ್ವರ ಬಂತೋ! ಬಾಟಲಿ ಅಡಗಿಸಿಟ್ಟಳು, ಮೋರಿಗೆ ಸುರಿದಳು, ಮಕ್ಕಳ ಮೇಲೆ ಆಣೆ ಹಾಕಿಸಿಕೊಂಡಳು. ಲೋಕಲ್ ಗಾಡಿಯ ಡಬ್ಬಿಯಲ್ಲಿ ಅಂಟಿಸಿರುವ ಚೀಟಿಗಳನ್ನು ನೀವೂ ನೋಡಿರಬಹುದು: ಕುಡಿಯುವವನಿಗೆ ತಿಳಿಯದಂತೆಯೇ ಕುಡಿತ ಬಿಡಿಸಿಕೊಡುತ್ತೇವೆ, ಊಟದಲ್ಲಿ ಪುಡಿ ಬೆರೆಸಿದರೆ ಸಾಕು ಎಂದು. ಆ ನಂಬರನ್ನೂ ಅವಳು ಬರೆದಿಟ್ಟುಕೊಂಡಿದ್ದಳು. ಪುಣ್ಯಕ್ಕೆ ತರಿಸಲಿಲ್ಲ. ಅಂಥ ಪುಡಿಯಲ್ಲಿ ಏನಿರುತ್ತದೆಂದು ಕೊಳ್ಳುವವರಿಗೆ ತಿಳಿಯುವ ಬಗೆಯಿಲ್ಲ. ಡೈಸಲ್ಫಿರಾಮ್ ಎಂಬ ಮದ್ದೊಂದುಂಟು. ಅದನ್ನು ತೆಗೆದುಕೊಂಡವನು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅದು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ, ಕಣ್ಣೆದುರಿಗಿಟ್ಟುಕೊಂಡು ಕೊಡುವ ಮದ್ದು. ಸಾರಿನಲ್ಲಿ ಕದ್ದು ಕಲಸುವಂಥದಲ್ಲ.

ಕೊನೆಗೆ ದಾರಿ ತೋರಿಸಿದ್ದು ಒಂದು ಟೆಲಿಫೋನು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಕೂಟ. ಚಿಕ್ಕದಾಗಿ ಎ.ಎ. ಎನ್ನುತ್ತಾರೆ. ಅವರ ಸಹಾಯವಾಣಿಗೆ ನಾನು ಫೋನು ಹಚ್ಚಿದೆ. ಎತ್ತಿದವರು ಗುಮಾಸ್ತರಲ್ಲ, ತಾವೇ ಒಂದು ಕಾಲಕ್ಕೆ ಕುಡಿದು ಬಿಟ್ಟವರು. ನನ್ನ ಹೆಸರು ಕೇಳಲಿಲ್ಲ, ಜಾತಿ ಊರು ಕೇಳಲಿಲ್ಲ. ಐದು ನಿಮಿಷ ನನ್ನ ಪುರಾಣ ಕೇಳಿ, "ಅವರೇ ಬಿಡಬೇಕೆಂದು ಬಯಸುತ್ತಾರೆಯೆ? ಹಾಗಾದರೆ ಫೋನು ಅವರಿಗೇ ಕೊಡಿ" ಎಂದು ಹಿಂದಿಯಲ್ಲಿ ಹೇಳಿದರು. ಭಾವನವರು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಬಂದವರು, "ಅವನಿಗೆ ಎಲ್ಲ ಗೊತ್ತುಂಟು ಮಾರಾಯ. ನಾನು ಬಾಟಲಿ ಎಲ್ಲಿ ಇಡುತ್ತೇನೆಂದು ಕೂಡ ಅವನೇ ಹೇಳಿದ" ಎಂದರು.

ಇನ್ನೂ ಒಂದು ಮಾತನ್ನು ಆ ಮನುಷ್ಯ ಹೇಳಿದ್ದ. ಬೆಳಗ್ಗೆ ಕೈ ನಡುಗುವುದಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಮೊದಲು ಡಾಕ್ಟರರನ್ನು ಕಾಣಿ ಎಂದು. ಇದನ್ನು ನಮ್ಮವರು ಅನೇಕರು ತಿಳಿದಿಲ್ಲ. ವರ್ಷಗಟ್ಟಲೆ ವಿಪರೀತ ಕುಡಿದ ದೇಹ ಥಟ್ಟನೆ ಮದ್ಯ ನಿಂತಾಗ ಒಂದೆರಡು ದಿನಗಳಲ್ಲಿ ಫಿಟ್ಸು ಬರುವುದುಂಟು. ಎರಡು ಮೂರನೆಯ ದಿನ ಇಲ್ಲದ್ದು ಕಾಣಿಸಿ, ಮೈ ಬೆವರಿ, ಬುದ್ಧಿ ಕಲಕಿ, ಸಾವಿನವರೆಗೂ ಹೋಗುವುದುಂಟು. ಒಂದು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುವುದು ಪ್ರೀತಿಯಿಂದಲೇ ಮಾಡಿದ್ದಾದರೂ ಅಪಾಯ. ಭಾವನವರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು, ಹತ್ತನೆಯ ದಿನ ಮನೆಗೆ ಬಂದು, ಹನ್ನೊಂದನೆಯ ದಿನ ನನ್ನೊಡನೆ ಗಾಡಿ ಹತ್ತಿದರು.

ಡೊಂಬಿವಿಲಿಯ ಅಕ್ಕಪಕ್ಕದಲ್ಲಿ ಸಭೆ ಇಲ್ಲವೆ ಎಂದು ನೀವು ಕೇಳಬಹುದು. ಇತ್ತು. ಸಹಾಯವಾಣಿಯವರು ಮೊದಲು ಹೇಳಿದ್ದೇ ಅದನ್ನು. ಭಾವನವರು ಒಪ್ಪಲಿಲ್ಲ. "ಅಲ್ಲಿಗೆ ಹೋಗುವಾಗ ನಮ್ಮ ಬಿಲ್ಡಿಂಗಿನವರು ಕಂಡರೆ? ಮರುದಿನ ಊರಿಗೆ ಸುದ್ದಿ ಮುಟ್ಟುತ್ತದೆ." ಬಾಟಲಿ ಹಿಡಿದು ಅದೇ ಬೀದಿಯಲ್ಲಿ ಎಷ್ಟೋ ರಾತ್ರಿ ನಡೆದು ಬಂದಾಗ ಬಾರದ ನಾಚಿಕೆ ಬಿಡಲು ಹೋಗುವಾಗ ಬಂತು! ನನಗೆ ನಗು ಬಂದರೂ ನಗಲಿಲ್ಲ. ಆಮೇಲೆ ಕೇಳಿದರೆ ಇದು ಎಲ್ಲರ ಕತೆಯೂ ಹೌದಂತೆ. ದಹಿಸರದವರು ಚರ್ಚ್‌ಗೇಟಿಗೆ, ಠಾಣೆಯವರು ದಾದರಕ್ಕೆ, ಹೀಗೆ ಮೊದಮೊದಲು ಎಲ್ಲರೂ ತಮ್ಮ ಮನೆಯಿಂದ ದೂರದ ಸಭೆಗೇ ಹೋಗುತ್ತಾರೆ. ಮುಂಬಯಿಯಂಥ ನಗರ ಬಡವನಿಗೂ ಕೊಡುವ ಒಂದು ದೊಡ್ಡ ಸೌಕರ್ಯ ಇದು, ಗುರುತಿಲ್ಲದವನಾಗಿ ನಡೆಯುವ ಸೌಕರ್ಯ. ಊರಿನಲ್ಲಿ ಇದು ಎಷ್ಟು ಹಣ ಕೊಟ್ಟರೂ ದೊರೆಯದು.

ಸಂಜೆಯ ಗಾಡಿ. ನಾವು ಜನಪ್ರವಾಹಕ್ಕೆ ಎದುರಾಗಿ ಹೋಗುವವರಾದ್ದರಿಂದ ಕೂರಲು ಜಾಗ ಸಿಕ್ಕಿತು. ದಿವಾ, ಠಾಣೆ, ಮುಲುಂಡ್, ಹೊರಗೆ ಜಡಿಮಳೆ. ದಾದರದಲ್ಲಿ ಇಳಿದು ಮಧ್ಯ ರೇಲ್ವೆಯಿಂದ ಪಶ್ಚಿಮ ರೇಲ್ವೆಗೆ ಸೇತುವೆ ದಾಟಬೇಕು. ಆ ಸೇತುವೆಯ ಮೇಲಿನ ನೂಕುನುಗ್ಗಲಿನಲ್ಲಿ ಭಾವನವರು ಎರಡು ಸಲ ಮಾಯವಾದರು. ಮೊದಲ ಸಲ ನಿಜವಾಗಿಯೂ ಜನ ನೂಕಿದ್ದು. ಎರಡನೆಯ ಸಲ ಅವರು ಹೊರಗೆ ಹೋಗುವ ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಕೆಳಗೆ ಬೀದಿಯಾಚೆ ಒಂದು ಕೆಂಪು ಬೋರ್ಡು ಕಾಣುತ್ತಿತ್ತು. ನಾನು ಏನೂ ಹೇಳದೆ ಪಕ್ಕದಲ್ಲಿ ನಿಂತೆ. ಒಂದು ನಿಮಿಷವೋ ಎರಡು ನಿಮಿಷವೋ. "ಭಾವ, ಗಾಡಿ ಬಂತು" ಎಂದೆ. ತಿರುಗಿ ಬಂದರು.

ಇಲ್ಲಿ ಸ್ವಲ್ಪ ನಿಂತು, ದೂರದ ಇನ್ನೊಂದು ಪಟ್ಟಣದ ಸಂಗತಿ ಹೇಳಲೇಬೇಕು. ಅಮೇರಿಕದ ಒಹಾಯೊ ಸಂಸ್ಥಾನದಲ್ಲಿ ಆಕ್ರನ್ ಎಂಬ ರಬ್ಬರು ಕಾರ್ಖಾನೆಗಳ ಊರು. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಶೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಎಂಬಾತ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿ, ಕೆಲಸ ಕೆಟ್ಟು, ಮೇಫ್ಲವರ್ ಹೊಟೇಲಿನ ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದ. ಕುಡಿತ ಬಿಟ್ಟು ಇನ್ನೂ ಕೆಲವೇ ತಿಂಗಳಾಗಿತ್ತು. ಒಂದು ಕಡೆಯಿಂದ ಬಾರಿನ ನಗು ಕೇಳುತ್ತಿತ್ತು. ಇನ್ನೊಂದು ಕಡೆಯಲ್ಲಿ ಟೆಲಿಫೋನೂ ಊರಿನ ಚರ್ಚುಗಳ ಪಟ್ಟಿಯೂ ಇದ್ದವು. ಅವನು ಟೆಲಿಫೋನಿನ ಕಡೆಗೆ ನಡೆದ. ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತಾಡಿದರೆ ಮಾತ್ರ ತಾನು ಉಳಿದೇನು ಎಂದು ಅವನಿಗೆ ಹೊಳೆದಿತ್ತು. ಪಾದ್ರಿಯೊಬ್ಬರಿಂದ ಮತ್ತೊಬ್ಬರಿಗೆ, ಅವರಿಂದ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಗೆ ಹೀಗೆ ಸುದ್ದಿ ತಲುಪಿ, ಮರುದಿನ ಆಕೆಯ ಮನೆಗೆ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ ಬಂದ. ಆತನೂ ಕುಡಿದು ಹಾಳಾದವನೇ. ಹದಿನೈದೇ ನಿಮಿಷ ಕೂರುತ್ತೇನೆಂದು ಷರತ್ತು ಹಾಕಿ ಬಂದವನು ಆರು ಗಂಟೆ ಕುಳಿತ. ಆ ವೈದ್ಯ ಕೊನೆಯ ಗುಟುಕು ಕುಡಿದ 1935ರ ಜೂನ್ 10ನ್ನೇ ಇಂದಿಗೂ ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ. ಕುಡಿಯದವನು ಕುಡಿಯುವವನಿಗೆ ಉಪದೇಶ ಮಾಡುವುದು ಬಹಳ ಹಳೆಯ ಪದ್ಧತಿ. ಕುಡಿದು ಬಿಟ್ಟವನು ತನ್ನ ಉಳಿವಿಗಾಗಿಯೇ ಇನ್ನೊಬ್ಬನ ಮುಂದೆ ತನ್ನ ಕತೆ ಹೇಳಿಕೊಳ್ಳುವುದು ಅವರು ಕಂಡುಕೊಂಡ ಹೊಸ ಉಪಾಯ. ನಮ್ಮ ದೇಶಕ್ಕೆ ಅದು ಬಂದು ಮುಂಬಯಿಯಲ್ಲಿ ಬೇರೂರಿದ್ದು 1957ರ ಸುಮಾರಿಗೆ.

ಬಾಂದ್ರಾದ ಪಶ್ಚಿಮಕ್ಕೆ ಇಳಿದು ಹಿಲ್ ರೋಡಿನ ಚಪ್ಪಲಿ ಅಂಗಡಿಗಳ ಗದ್ದಲ ದಾಟಿದರೆ ಒಳಗಲ್ಲಿಗಳು ಬೇರೆಯೇ ಒಂದು ಊರಿನಂತಿವೆ. ಗಲ್ಲಿಯ ತಿರುವುಗಳಲ್ಲಿ ಹೂಮಾಲೆ ಹಾಕಿದ ಶಿಲುಬೆಗಳು. ಅವುಗಳಲ್ಲಿ ಅನೇಕವು 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ, ಮಾರಿ ತಮ್ಮ ಗಲ್ಲಿಗೆ ಬಾರದಿರಲೆಂದು ಜನ ನಿಲ್ಲಿಸಿದವು. ನಮ್ಮ ಊರ ಗಡಿಯಲ್ಲಿ ಮಾರಿಯ ಕಲ್ಲು ಇರುವುದಿಲ್ಲವೆ, ಹಾಗೆಯೇ. ಭಾವನವರು ಪ್ರತಿಯೊಂದಕ್ಕೂ ಕೈ ಮುಗಿಯುತ್ತ ನಡೆದರು. ಮಳೆಗೆ ಕೊಡೆ ಹಿಡಿದ ಕೈಯನ್ನೂ ಬಿಡಿಸಿ ಮುಗಿಯುವುದು ಕಷ್ಟ, ಆದರೂ ಬಿಡಲಿಲ್ಲ. ವಿಳಾಸದಂತೆ ಒಂದು ಇಗರ್ಜಿಯ ಅಂಗಳಕ್ಕೆ ಬಂದೆವು. ಬೋರ್ಡಿಲ್ಲ. ಎರಡು ಸುತ್ತು ಹಾಕಿದೆವು. ಕೇಳೋಣವೆಂದರೆ ಏನೆಂದು ಕೇಳುವುದು? ಕೊನೆಗೆ ಹಿಂಬದಿಯ ಸಣ್ಣ ಸಭಾಂಗಣದ ಬಾಗಿಲಲ್ಲಿ ಚಹದ ಲೋಟ ಹಿಡಿದು ನಿಂತಿದ್ದವರೊಬ್ಬರು ನಮ್ಮನ್ನು ನೋಡಿ, ಏನನ್ನೂ ಕೇಳದೆ, "ಇಲ್ಲೇ, ಬನ್ನಿ" ಎಂದರು.

ಇಗರ್ಜಿ ಎಂದ ಕೂಡಲೇ ಅಕ್ಕ ಹೆದರಿದ್ದಳು: "ತಮ್ಮಾ, ಅವರನ್ನು ಬೇರೆ ಧರ್ಮಕ್ಕೇನೂ ಸೇರಿಸುವುದಿಲ್ಲವಷ್ಟೆ?" ಆ ಭಯ ಇನ್ನೂ ಕೆಲವರಿಗೆ ಇರಬಹುದಾದ್ದರಿಂದ ಹೇಳುತ್ತೇನೆ. ಕೋಣೆ ಇಗರ್ಜಿಯದು, ಕೂಟ ಇಗರ್ಜಿಯದಲ್ಲ. ಅವರು ಬಾಡಿಗೆ ಕೊಟ್ಟು ಕೂಡುತ್ತಾರೆ. ಮತ್ತೊಂದು ಕಡೆ ಮುನಿಸಿಪಲ್ ಶಾಲೆಯಲ್ಲಿ, ಇನ್ನೊಂದು ಕಡೆ ಆಸ್ಪತ್ರೆಯ ಕೋಣೆಯಲ್ಲಿ ಕೂಡುತ್ತಾರೆ. ದೇವರ ಮಾತು ಬರುತ್ತದೆ, ನಿಜ. ಆದರೆ ಯಾರ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ದೇವರಲ್ಲಿ ನಂಬಿಕೆಯಿಲ್ಲದವರೂ ಬರುತ್ತಾರೆ. ಸದಸ್ಯನಾಗಲು ಇರುವ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಆಸೆ. ಚಂದಾ ಇಲ್ಲ, ಅರ್ಜಿ ಇಲ್ಲ, ಹಾಜರಿ ಪುಸ್ತಕ ಇಲ್ಲ. ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ. ಹತ್ತೋ ಇಪ್ಪತ್ತೋ ಹಾಕುವವರು ಹಾಕುತ್ತಾರೆ. ನಾನು ಐನೂರರ ನೋಟು ತೆಗೆದರೆ ಪಕ್ಕದವರು ಮೆಲ್ಲಗೆ ತಡೆದರು. ಹೊರಗಿನವರ ಹಣ ಅವರು ಮುಟ್ಟುವುದಿಲ್ಲ! ಸಂಘಸಂಸ್ಥೆಗಳ ಖಜಾಂಚಿಯಾಗಿ ಹದಿನಾಲ್ಕು ವರ್ಷ ವಂತಿಗೆ ಎತ್ತಿದ ನನಗೆ ಅಂದಿನ ಅತ್ಯಂತ ದೊಡ್ಡ ಆಶ್ಚರ್ಯ ಅದೇ ಆಗಿತ್ತು.

ಸಭೆಗಳಲ್ಲಿ ಎರಡು ಬಗೆ. ಮುಚ್ಚಿದ ಸಭೆಗೆ ಕುಡಿತದ ತೊಂದರೆಯುಳ್ಳವರು ಮಾತ್ರ. ತೆರೆದ ಸಭೆಗೆ ಮನೆಯವರೂ ಹೋಗಬಹುದು. ಅಂದಿನದು ತೆರೆದ ಸಭೆಯಾದ್ದರಿಂದ ನಾನೂ ಹಿಂದಿನ ಸಾಲಿನಲ್ಲಿ ಕುಳಿತೆ. ಸುಮಾರು ಇಪ್ಪತ್ತೈದು ಜನ. ಕೋಟು ಹಾಕಿದವರ ಪಕ್ಕದಲ್ಲಿ ರಿಕ್ಷಾದವರ ಖಾಕಿ ಅಂಗಿ. ಇಬ್ಬರು ಹೆಂಗಸರು. ಒಬ್ಬೊಬ್ಬರಾಗಿ ಎದ್ದು ಹೆಸರಿನ ಒಂದೇ ತುಂಡು ಹೇಳಿ, ನಾನು ಮದ್ಯವ್ಯಸನಿ ಎಂದು ಸೇರಿಸಿ, ಮಾತು ಆರಂಭಿಸುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ತಿದ್ದುವುದಿಲ್ಲ, ಸಲಹೆ ಕೊಡುವುದಿಲ್ಲ. ಒಂದೂವರೆ ಗಂಟೆ ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸದೆ ಕೇಳಿದ ಸಭೆಯನ್ನು ನಾನು ಮುಂಬಯಿಯಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಜನ್ಮಪೂರ್ತಿ ಬಿಡುತ್ತೇನೆಂದು ಯಾರಿಂದಲೂ ಪ್ರಮಾಣ ಮಾಡಿಸುವುದಿಲ್ಲ. ಇವತ್ತೊಂದು ದಿನ ಮುಟ್ಟುವುದಿಲ್ಲ, ನಾಳೆಯದು ನಾಳೆಗೆ. ಮಕ್ಕಳ ತಲೆ ಮುಟ್ಟಿ ಆಣೆಯಿಟ್ಟು ಮುರಿದು ಬಳಲಿದ್ದ ಭಾವನವರಿಗೆ ಈ ಲೆಕ್ಕ ಹಿಡಿಸಿತು. ಗಲ್ಲಾದವರಲ್ಲವೆ? ದಿನದ ಲೆಕ್ಕ ದಿನಕ್ಕೇ ಮುಗಿಸುವ ಅಭ್ಯಾಸ.

ಅವರು ಮಾತಾಡುವರೆಂದು ನಾನು ನಂಬಿರಲಿಲ್ಲ. ಕೊನೆಯಲ್ಲಿ ಹೊಸಬರು ಯಾರಾದರೂ ಇದ್ದಾರೆಯೇ ಎಂದಾಗ ಎದ್ದು ನಿಂತರು. ಹೊಟೇಲಿನ ಹಿಂದಿಯಲ್ಲಿ ಮೂರು ವಾಕ್ಯ ಹೇಳಿದರು. ನಾಲ್ಕನೆಯದು ಕನ್ನಡದಲ್ಲಿ ಬಂತು, ಆಮೇಲಿನದೆಲ್ಲ ಕನ್ನಡದಲ್ಲಿಯೇ. ಮಗಳ ಮದುವೆಯ ದಿನ ತಾನು ಮಂಟಪದಲ್ಲಿರಲಿಲ್ಲ ಎಂಬ ಮಾತು ಅದರಲ್ಲಿತ್ತು. ನನಗೂ ಅದು ಗೊತ್ತಿತ್ತು. ಆದರೆ ಅವರ ಬಾಯಿಂದ ಕೇಳಿದ್ದು ಅಂದೇ. ಆ ಕೋಣೆಯಲ್ಲಿ ಕನ್ನಡ ತಿಳಿದವನು ನಾನೊಬ್ಬನೇ ಇದ್ದೆನೆಂದು ತೋರುತ್ತದೆ. ಯಾರೂ ತಡೆಯಲಿಲ್ಲ. ಮುಗಿದಾಗ ಎಲ್ಲರೂ ಅವರಿಗೆ ಧನ್ಯವಾದ ಹೇಳಿದರು. ಬಿಸ್ಕತ್ತಿನ ತಟ್ಟೆ ಬಂತು. ಫೋನೆತ್ತಿದ್ದ ಧ್ವನಿಯ ಮನುಷ್ಯ ಮೂಲೆಯಿಂದ ಎದ್ದು ಬಂದು ತನ್ನ ಗುರುತು ಹೇಳಿಕೊಂಡ.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ತೊಂಬತ್ತು ದಿನದಲ್ಲಿ ತೊಂಬತ್ತು ಸಭೆ ಎಂದು ಅವರು ಹೊಸಬರಿಗೆ ಹೇಳುವುದುಂಟು. ಭಾವನವರು ಎಪ್ಪತ್ತರಷ್ಟು ಮಾಡಿದರು. ನಾಲ್ಕನೆಯ ತಿಂಗಳು, ದೀಪಾವಳಿಯ ಬೋನಸ್ಸು ಕೈಗೆ ಬಂದ ರಾತ್ರಿ, ಮತ್ತೆ ಕುಡಿದು ಬಂದರು. ಮೂರು ದಿನ ಸಭೆಗೆ ಮುಖ ತೋರಿಸಲಿಲ್ಲ. ನಾಲ್ಕನೆಯ ದಿನ ಹೋದರೆ ಒಬ್ಬರೂ ಗದರಲಿಲ್ಲವಂತೆ. ದಿನ ಒಂದರಿಂದ ಎಣಿಕೆ ಮತ್ತೆ ಪ್ರಾರಂಭ. 2020ರ ಮಾರ್ಚಿನಲ್ಲಿ ಕೊರೋನಾದ ಬೀಗಮುದ್ರೆ ಬಿದ್ದು ಕೋಣೆಗಳೆಲ್ಲ ಮುಚ್ಚಿದಾಗ ಸಭೆಗಳು ಫೋನಿನ ಪರದೆಗೆ ಹೋದವು. ಮೇ ಮೊದಲ ವಾರ ಮದ್ಯದಂಗಡಿ ತೆರೆದು ಮೈಲುದ್ದ ಸಾಲು ನಿಂತ ಚಿತ್ರವನ್ನು ಟಿವಿಯಲ್ಲಿ ನೋಡುತ್ತ ಭಾವನವರು ಅಡಿಗೆಮನೆಯಲ್ಲಿ ಕುಳಿತು ಬೀನ್ಸು ಹೆಚ್ಚಿದರು. ಎರಡು ಕಿಲೋ ಹೆಚ್ಚಿದರೆಂದು ಅಕ್ಕ ಹೇಳುತ್ತಾಳೆ.

ಅಕ್ಕನ ವಿಷಯ ಬೇರೆಯೇ ಹೇಳಬೇಕು. ಬಿಲ್ ವಿಲ್ಸನನ ಹೆಂಡತಿ ಲೋಯಿಸ್ ಮೊದಲಾದವರು 1951ರಲ್ಲಿ ಮನೆಯವರಿಗೆಂದೇ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟ ಕಟ್ಟಿದರು. ಹದಿಹರೆಯದ ಮಕ್ಕಳಿಗಾಗಿ ಅಲಟೀನ್ 1957ರಲ್ಲಿ ಬಂತು. ಮುಂಬಯಿಯಲ್ಲಿಯೂ ಅಲ್-ಅನಾನ್ ಸಭೆಗಳುಂಟು. "ಕುಡಿಯುವವರು ಇವರು, ನಾನೇಕೆ ಹೋಗಬೇಕು?" ಎಂದು ಆರು ತಿಂಗಳು ಹಟ ಹಿಡಿದ ಅಕ್ಕ ಒಂದು ದಿನ ಹೋಗಿಬಂದು, ರಾತ್ರಿಯೆಲ್ಲ ಅತ್ತಳು. ಗಂಡನ ಕುಡಿತಕ್ಕೆ ತಾನು ಕಾರಣಳಲ್ಲ, ಅದನ್ನು ಹತೋಟಿಯಲ್ಲಿಡುವುದೂ ಗುಣಪಡಿಸುವುದೂ ತನ್ನ ಕೈಯಲ್ಲಿಲ್ಲ ಎಂದು ಅಲ್ಲಿ ಹೇಳಿದರಂತೆ. ಇಪ್ಪತ್ತು ವರ್ಷ ಅತ್ತೆಯ ಮನೆಯವರು ಅವಳಿಗೆ ಹೇಳಿದ್ದು ಇದಕ್ಕೆ ತೀರ ವಿರುದ್ಧವಾದದ್ದನ್ನು. ಧಣಿಗಳಿಗೆ ಜ್ವರದ ಫೋನು ಮಾಡುವುದನ್ನು ಅವಳು ನಿಲ್ಲಿಸಿದ್ದು ಅಂದಿನಿಂದ. ನನ್ನ ದೃಷ್ಟಿಯಲ್ಲಿ ಆ ಮನೆ ತಿರುಗಿದ್ದು ಬಾಂದ್ರಾದ ಸಂಜೆಗಿಂತ ಹೆಚ್ಚಾಗಿ ಇದರಿಂದ.

ಈ ಒಂದೇ ದಾರಿ ಎಲ್ಲರಿಗೂ ಹೊಂದುತ್ತದೆಂದು ನಾನು ಹೇಳಲಾರೆ. ಕೆಲವರಿಗೆ ಕೂಟದ ಮಾತು ಹಿಡಿಸುವುದಿಲ್ಲ, ಮದ್ದೂ ಮನೋವೈದ್ಯರೂ ಬೇಕಾಗುತ್ತಾರೆ. ಹಲವರಿಗೆ ಎರಡೂ ಬೇಕು. ಪುಣೆಯ ಬಂಧುಗಳಿಗೆ 1986ರಲ್ಲಿ ಅನಿಲ್ ಅವಚಟ್ ದಂಪತಿಗಳು ಪು. ಲ. ದೇಶಪಾಂಡೆಯವರ ನೆರವಿನಿಂದ ಆರಂಭಿಸಿದ ಮುಕ್ತಾಂಗಣ ಹತ್ತಿರವಿದೆ. ಚೆನ್ನೈಯವರಿಗೆ ಶಾಂತಿ ರಂಗನಾಥನ್ ಅವರು ಕುಡಿತಕ್ಕೆ ಪತಿಯನ್ನು ಕಳೆದುಕೊಂಡ ಮೇಲೆ 1980ರಲ್ಲಿ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಸಂಸ್ಥೆಯ ಆಸ್ಪತ್ರೆ ಇದೆ. ದಿಲ್ಲಿಯ ಮಗ್ಗುಲಲ್ಲಿ, ಗಾಜಿಯಾಬಾದಿನಲ್ಲಿ, ಏಮ್ಸ್‌ನ ಚಿಕಿತ್ಸಾ ಕೇಂದ್ರವಿದೆ. ಊರಿಗೇ ಹೋಗಿ ಚಿಕಿತ್ಸೆ ಪಡೆಯುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಹಳ್ಳಿಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಹೈದರಾಬಾದು ಸೇರಿ ಈ ಎಲ್ಲ ನಗರಗಳಲ್ಲಿಯೂ ಎ.ಎ. ಸಭೆಗಳು ನಡೆಯುತ್ತವೆ. ಎಲ್ಲಿ ಎಂದು ತಿಳಿಯದಿದ್ದರೆ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನು ಮಾಡಬಹುದು. ಮನಸ್ಸಿನ ಕಷ್ಟಕ್ಕೆಂದು 2022ರಲ್ಲಿ ತೆರೆದ ಟೆಲಿ ಮಾನಸ್, 14416, ಕನ್ನಡದಲ್ಲಿಯೂ ಮಾತನಾಡುತ್ತದೆ. ಈ ಎರಡು ಸಂಖ್ಯೆಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಹಾಲಿನವನ ಲೆಕ್ಕದ ಜೊತೆಗೆ ಇರಲಿ, ಯಾರೂ ಗಮನಿಸುವುದಿಲ್ಲ.

ಭಾವನವರು ಈಗ ಬಾಂದ್ರಾಕ್ಕೆ ಹೋಗುವುದು ಅಪರೂಪ. ಮೊದಲು ಬೇಡವೆಂದಿದ್ದ, ಮನೆಯಿಂದ ಹನ್ನೆರಡು ನಿಮಿಷದ ನಡಿಗೆಯ ಮುನಿಸಿಪಲ್ ಶಾಲೆಯ ಸಭೆಯೇ ಅವರದಾಗಿದೆ. ಒಂದನೆಯ ಇಯತ್ತೆಯ ಕೋಣೆ; ಗೋಡೆಯ ಮೇಲೆ ಮರಾಠಿಯ ಅಕಾರದ ಪಕ್ಕದಲ್ಲಿ ಅನಾನಸಿನ ಚಿತ್ರ. ಬೆಂಚುಗಳು ಎಷ್ಟು ಗಿಡ್ಡವೆಂದರೆ ದೊಡ್ಡವರು ಕುಳಿತರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಬೀಗದ ಕೈ ಈಗ ಭಾವನವರ ಬಳಿಯಲ್ಲಿದೆ. ಮಂಗಳವಾರ ಅರ್ಧ ಗಂಟೆ ಮೊದಲೇ ಹೋಗಿ ಫ್ಯಾನು ಹಾಕಿ, ಬೆಂಚು ಸರಿಸಿ, ಚಹದ ನೀರಿಡುತ್ತಾರೆ. ಹೋದ ತಿಂಗಳು ನಾನು ಅವರ ಮನೆಯಲ್ಲಿದ್ದಾಗ ಅವರ ಫೋನು ಬಡಿಯಿತು. ಯಾರೋ ಹೊಸಬ; ಶಾಲೆಯ ಬಾಗಿಲು ಸಿಗುತ್ತಿಲ್ಲವಂತೆ, ತಿರುಗಿ ಹೋಗುತ್ತೇನೆ ಎನ್ನುತ್ತಿದ್ದ. ಭಾವನವರು ಊಟದ ತಟ್ಟೆ ಬಿಟ್ಟು ಎದ್ದು, ಕೈ ತೊಳೆಯುತ್ತಲೇ, "ನೀವು ಅಲ್ಲೇ ನಿಲ್ಲಿ. ಎದುರಿಗೆ ಕೆಂಪು ಬೋರ್ಡು ಕಾಣುತ್ತದಲ್ಲ? ಅದಕ್ಕೆ ಬೆನ್ನು ಹಾಕಿ ನಿಲ್ಲಿ. ನಾನು ಬಂದೆ" ಎಂದು ಹಿಂದಿಯಲ್ಲಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು.